ನಿಲ್ಲಬಾರದ ದೋಣಿ

ನಮ್ಮೂರ ಕೆರೆಯ ಮೇಲೆ ಸದ್ದು ಇರುವುದಿಲ್ಲ. ದಡದಿಂದ ಇಪ್ಪತ್ತು ಮಾರು ಒಳಗೆ, ನೀರಿನಲ್ಲಿ ಒಂದು ಕಲ್ಲುಕಂಬ ನಿಂತಿದೆ. ಅದಕ್ಕೆ ಮಾತಿನ ಕಂಬ ಎಂದೇ ಹೆಸರು. ಅಲ್ಲಿಯತನಕ ನೀವು ಆಡಿದ್ದು ಕೇಳುತ್ತದೆ. ದೋಣಿಯ ಮೂತಿ ಆ ಕಂಬವನ್ನು ದಾಟಿತೋ, ಹುಟ್ಟು ನೀರಿಗೆ ಬಿದ್ದದ್ದೂ ಕೇಳದು, ಪಕ್ಕದಲ್ಲಿ ಕೂತವರು ಕೆಮ್ಮಿದ್ದೂ ಕೇಳದು. ನಿಮ್ಮ ಉಸಿರು ನಿಮ್ಮ ಕಿವಿಗೇ ಸಿಗುವುದಿಲ್ಲ. ಹಾಗಾಗಿಯೇ ಜನ ಬರುತ್ತಾರೆ. ಕಂಚುಗಾರರ ಬೀದಿಯವರು ವಾರವೆಲ್ಲ ಬಡಿದು ಬಡಿದು ಗುಂಯ್‌ಗುಟ್ಟುವ ಕಿವಿಗಳನ್ನು ತಂದು ಭಾನುವಾರ ಇಲ್ಲಿ ತೇಲಿಬಿಡುತ್ತಾರೆ. ರಚ್ಚೆ ಹಿಡಿದ ಕೂಸನ್ನು ಎತ್ತಿಕೊಂಡ ಬಾಣಂತಿಯರು ಅರ್ಧ ಗಂಟೆ ದೋಣಿ ಕೇಳುತ್ತಾರೆ. ಕೂಸು ಅಳುವುದನ್ನು ನಿಲ್ಲಿಸುವುದಿಲ್ಲ, ಆದರೆ ತಾಯಿಗೆ ಒಂದಿಷ್ಟು ನೆಮ್ಮದಿ. ಅತ್ತೆಮನೆಯಲ್ಲಿ ಅಳಲು ಮೂಲೆ ಸಿಗದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೋಗಿ ಬಾಯಿಬಿಟ್ಟು ಅತ್ತು ಬರುತ್ತಾರೆ. ದಡದಿಂದ ನೋಡಿದರೆ ಆಕಳಿಸುತ್ತಿದ್ದಾರೇನೋ ಎನ್ನಬೇಕು.

ನಾನು ಗವಿಯಪ್ಪ. ಈ ದಡದ ಒಂಬತ್ತು ದೋಣಿಗಳನ್ನು ನೋಡಿಕೊಳ್ಳುವವನು. ದೋಣಿ ಮುಳುಗುವಾಗ ಕೂಗಿದರೆ ಯಾರಿಗೂ ಕೇಳದ ಕೆರೆ ಇದು. ನೀರು ಒಳಗೆ ಬರುವ ಗುಳುಗುಳು ಸದ್ದು ಕೂತವರಿಗೂ ಕೇಳಿಸದು. ಆದ್ದರಿಂದ ದೋಣಿ ದಡ ಬಿಡುವ ಮೊದಲೇ ಎಲ್ಲ ಸರಿಯಾಗಿರಬೇಕು. ಬೇಸಿಗೆಯಲ್ಲಿ ಒಣಗಿ ಬಾಯಿಬಿಟ್ಟ ದೋಣಿಯನ್ನು ಎರಡು ದಿನ ನೀರಲ್ಲಿ ಮುಳುಗಿಸಿಟ್ಟು ಮರ ಉಬ್ಬಿಸುತ್ತೇನೆ. ಹಲಗೆಯ ಸಂದಿಗೆ ನಾರು ತುರುಕಿ ರಾಳ ಬಳಿಯುತ್ತೇನೆ. ಪ್ರತಿ ದೋಣಿಗೂ ನೀರು ಮೊಗೆಯಲು ಒಂದು ಡಬ್ಬಿ, ಅದು ಕೈತಪ್ಪಿ ಹೋಗದಂತೆ ಹಗ್ಗದಲ್ಲಿ ಕಟ್ಟಿರಬೇಕು. ಮೂವರ ದೋಣಿಗೆ ನಾಲ್ಕನೆಯವರು ಹತ್ತಕೂಡದು. ಹತ್ತುವವರು ಚಪ್ಪಲಿ ದಡದಲ್ಲೇ ಬಿಡಬೇಕು. ನೀರು ಬಂದರೆ ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯಲಿ ಎಂದು.

ದಡದಲ್ಲಿ ಒಂದು ಗಳು ನೆಟ್ಟಿದ್ದೇವೆ. ಕೆಂಪು ಬಟ್ಟೆ ಏರಿಸಿದರೆ 'ಇದ್ದಲ್ಲೇ ನಿಲ್ಲಿ, ನಾವು ಬರುತ್ತೇವೆ' ಎಂದು. ಬಿಳಿ ಏರಿಸಿದರೆ 'ತಿರುಗಿ ಬನ್ನಿ' ಎಂದು. ಉಳಿದದ್ದೆಲ್ಲ ಕೈಮಾತು. ಮುಷ್ಟಿ ಹಿಡಿದರೆ ನಿಂತಿದೆ, ಅಂಗೈ ಮುಂದಕ್ಕೆ ತಳ್ಳಿದರೆ ಹೋಗುತ್ತಿದೆ, ಅಂಗೈ ಕೆಳಮುಖ ಮಾಡಿ ಇಳಿಸಿದರೆ ಮುಳುಗುತ್ತಿದೆ. ಈ ಊರಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಡುಗೆಮನೆಯಲ್ಲಿ ಬಾಯಿ ತುಂಬ ಎಲೆಅಡಿಕೆ ಇದ್ದಾಗಲೂ ಇದರಲ್ಲೇ ಮಾತಾಡುತ್ತೇವೆ.

ಹದಿನೈದು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಕೆರೆಗೆ ಬೆನ್ನು ಹಾಕಿ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ತಿರುಗಿದಾಗ ನೀರಿನ ಮೇಲೆ ನಾಲ್ಕು ದೋಣಿ ಇರಬೇಕಾದಲ್ಲಿ ಮೂರಿದ್ದವು. ಹೋದವರು ಲೆಕ್ಕದ ಮೇಷ್ಟ್ರು ಮತ್ತು ಅವರ ಹೆಂಡತಿ. ಕೂಗಿಯೇ ಇರುತ್ತಾರೆ. ಎಷ್ಟು ಹೊತ್ತು ಕೂಗಿದರೋ. ಆಮೇಲೆ ಹನ್ನೊಂದು ವರ್ಷ ನಾನು ದೋಣಿಗೆ ಕಾಲಿಡಲಿಲ್ಲ. ದಡದಲ್ಲೇ ನಿಂತು ದೋಣಿ ನೋಡುತ್ತಿದ್ದೆ, ತಳ್ಳುತ್ತಿದ್ದೆ, ಕಟ್ಟುತ್ತಿದ್ದೆ. ಕೆರೆಗೆ ಬೆನ್ನು ಹಾಕಿಯೂ ಕೂರಲಿಲ್ಲ. ಒಂದು ತುಂಡು ಮೋಡ ಕಂಡರೂ, ಗಾಳಿ ಒಂದಿಷ್ಟು ದಿಕ್ಕು ಬದಲಿಸಿದರೂ ಬಿಳಿ ಬಟ್ಟೆ ಏರಿಸಿಬಿಡುತ್ತಿದ್ದೆ. ಜನ ಬೈದುಕೊಂಡು ತಿರುಗಿ ಬರುತ್ತಿದ್ದರು. ನನ್ನ ಮಗಳು ವಾರಿಜ ನೀರಿಗಿಳಿದ ದಿನವಂತೂ ಮೋಡ, ಗಾಳಿ ಯಾವುದೂ ಬೇಕಿರಲಿಲ್ಲ.

ಆ ವಾರಿಜಳನ್ನು ನಾಲ್ಕು ವರ್ಷದ ಹಿಂದಿನ ಮಾಘದಲ್ಲಿ ಬೇರೆ ಊರಿಗೆ ಕೊಟ್ಟೆವು. ಅಳಿಯ ಉಮಾಪತಿ, ಕಬ್ಬಿಣ ಸಿಮೆಂಟಿನ ಅಂಗಡಿ ಇಟ್ಟವರು, ಒಳ್ಳೆಯ ಮನುಷ್ಯ. ಮೊದಲ ಹಬ್ಬಕ್ಕೆ ಕರೆದಾಗ ಬರಿಗೈಲಿ ಬರಲಿಲ್ಲ. ಟೆಂಪೊದ ಮೇಲೆ ಒಂದು ದೋಣಿಯನ್ನೇ ಹೇರಿಕೊಂಡು ಬಂದರು. ಬೆಳ್ಳಗಿನ ಫೈಬರ್ ದೋಣಿ, ಹಿಂದುಗಡೆ ಪುಟ್ಟ ಮೋಟರು, ಪಕ್ಕದಲ್ಲಿ ನೀಲಿ ಅಕ್ಷರದಲ್ಲಿ ವಾರಿಜ ಎಂದು ಬರೆಸಿದ್ದರು.

ಹಬ್ಬದ ಮಾರನೆಯ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಅದನ್ನು ನೀರಿಗಿಳಿಸಿದರು. ಟೆಂಪೊ ಓಡಿಸುವ ನಬೀಸಾಬ್, ನಾನು, ಅಳಿಯ ಮೂವರೂ ಕೈಹಾಕಿದೆವು. ದೋಣಿಯೊಳಗೆ ಪೂರ್ತಿ ಉದ್ದಕ್ಕೂ ಒಂದು ಹಾಸುಹಲಗೆ. ತಳ ಕಾಣುವುದಿಲ್ಲ. ನನ್ನ ಕೈ ತಾನಾಗಿ ಆ ಹಲಗೆಯ ಅಂಚಿಗೆ ಹೋಯಿತು.

"ಏನು ನೋಡ್ತಿದೀರಿ ಮಾವ?" ಅಂದರು ಅಳಿಯ, ನಗುತ್ತ.

"ಒಂದ್ಸಲ ಹಲಗೆ ಎತ್ತಿ ತಳ ನೋಡ್ಬಿಡೋಣ ಅಂತ."

"ಹೊಸಾ ದೋಣಿ ಮಾವ. ಇನ್ನೂ ಅಂಗಡಿ ವಾಸ್ನೇನೇ ಹೋಗಿಲ್ಲ. ನಿಮ್ಮ ಮರದ ದೋಣಿ ಥರ ಸೋರೋದಲ್ಲ ಇದು."

ನನ್ನ ಹೆಂಡತಿ ತಾಯಮ್ಮ ಹಿಂದಿನಿಂದ ಬಂದು ಮೊಣಕೈ ಒತ್ತಿದಳು. ಅದರ ಅರ್ಥ ನನಗೆ ಗೊತ್ತು. ಮೊದಲ ಹಬ್ಬಕ್ಕೆ ಬಂದ ಅಳಿಯ ಪ್ರೀತಿಯಿಂದ ತಂದ ವಸ್ತುವಿನಲ್ಲಿ ಹುಳುಕು ಹುಡುಕಬೇಡಿ ಎಂದು. ನಾನು ಕೈ ತೆಗೆದೆ. ಚಪ್ಪಲಿಯ ಮಾತೂ ಎತ್ತಲಿಲ್ಲ. ಅವರು ಹೊಸ ಬಿಳಿ ಬೂಟು ಹಾಕಿಕೊಂಡೇ ಹತ್ತಿದರು. ಮೊಗೆಯುವ ಡಬ್ಬಿ ಎಲ್ಲಿ ಎಂದೂ ಕೇಳಲಿಲ್ಲ. ದೋಣಿಯ ಹಿಂಬದಿ ನಾಲ್ಕು ಬೆರಳು ತಗ್ಗಿದಂತೆ ಕಂಡಿತು. ಮೋಟರಿನ ಭಾರ ಇರಬೇಕು ಎಂದುಕೊಂಡೆ. ಇಷ್ಟೂ ನನ್ನ ಕಣ್ಣಿಗೆ ಬಿತ್ತು, ಒಂದೂ ಬಾಯಿಗೆ ಬರಲಿಲ್ಲ.

ಅಳಿಯ ಹಿಂದೆ ಕೂತು ಮೋಟರಿನ ಹಿಡಿ ಹಿಡಿದರು. ವಾರಿಜ ಮುಂದೆ, ಗಂಡನ ಕಡೆಗೆ ಮುಖ ಮಾಡಿ ಕೂತಳು. ಮೋಟರು ಬುರ್ರೆಂದಿತು. ಕಂಬ ದಾಟಿದ್ದೇ ಆ ಬುರ್ರು ಕತ್ತರಿಸಿದಂತೆ ನಿಂತಿತು, ದೋಣಿ ಮಾತ್ರ ಸದ್ದಿಲ್ಲದೆ ಬೆಳ್ಳಗೆ ಜಾರುತ್ತ ಹೋಯಿತು. ತಾಯಮ್ಮ, "ನೋಡ್ರೀ, ಎಷ್ಟು ಚೆಂದ ಓಡ್ತಿದೆ," ಅಂದಳು.

ಆಗ ನಬೀಸಾಬ್ ಟೆಂಪೊದ ಕಡೆಯಿಂದ ಬಂದ. ಅಂಗೈಯಲ್ಲಿ ಏನನ್ನೋ ಹಿಡಿದಿದ್ದ.

"ಯಜಮಾನ್ರೇ, ಇದು ಅವ್ರಿಗೆ ಬೇಕಾಗ್ತಿತ್ತಾ? ಇನ್ನೊಂದು ಇರ್ಬೇಕು ಅಲ್ವಾ ಅವರ ಹತ್ರ?"

ಕಪ್ಪು ರಬ್ಬರಿನ ಬಿರಡೆ. ಹೆಬ್ಬೆರಳು ಗಾತ್ರ, ತಲೆಗೆ ಹಿತ್ತಾಳೆಯ ತಿರುಪು.

"ಎಲ್ಲಿತ್ತು ಇದು?"

"ನಿನ್ನೆ ದಾರೀಲಿ ಮಳೆ ಬಂತಲ್ಲ, ದೋಣಿ ತುಂಬ ನೀರು. ಹಿಂದ್ಗಡೆ ತೂತಿಂದು ತೆಗೆದು ನೀರು ಬಿಟ್ಟೆ. ಆಮೇಲೆ ಸೀಟಿನ ಮುಂದೆ ಇಟ್ಟೋನು ಮರ್ತೇಬಿಟ್ಟೆ."

ಹಿಂದೊಮ್ಮೆ ಮೀನುಮರಿ ಬಿಡುವವರು ತಂದಿದ್ದ ಇಂಥದೇ ದೋಣಿಯನ್ನು ಎರಡು ತಿಂಗಳು ನೋಡಿಕೊಂಡವನು ನಾನು. ಅದರ ಗುಣ ನನಗೆ ಗೊತ್ತು. ದೋಣಿ ಜೋರಾಗಿ ಓಡುತ್ತಿರುವಷ್ಟು ಹೊತ್ತು ಹಿಂದಿನ ತೂತು ಒಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಒಂದು ಹನಿಯೂ ನಿಲ್ಲುವುದಿಲ್ಲ. ನಿಂತಿತೋ, ಅದೇ ತೂತಿನಿಂದ ಕೆರೆ ಒಳಗೆ ಬರುತ್ತದೆ. ಹಾಸುಹಲಗೆಯ ಕೆಳಗೇ ತುಂಬುತ್ತ ಬರುತ್ತದೆ, ಕಾಲಿಗೆ ತಾಗುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಮೋಟರಿನ ಭಾರಕ್ಕೆ ಮೊದಲು ಹೋಗುವುದೂ ಹಿಂಬದಿಯೇ. ಓಡುತ್ತಿದ್ದರೆ ಬದುಕು, ನಿಂತರೆ ಎಂಟು ಹತ್ತು ನಿಮಿಷ. ಈ ಕೆರೆಗೆ ಬಂದವರು ನಡುನೀರಿಗೆ ಹೋಗಿ ನಿಲ್ಲದೆ ಬರುವುದೇ ಇಲ್ಲ, ನಿಲ್ಲುವುದಕ್ಕೇ ಬರುವುದು.

ತಾಯಮ್ಮನಿಗೆ ನನ್ನ ಮುಖ ನೋಡಿಯೇ ತಿಳಿಯಿತು. ಗಳುವಿನತ್ತ ಓಡಿದಳು, ಕೆಂಪು ಬಟ್ಟೆಯ ಹಗ್ಗಕ್ಕೆ ಕೈಹಾಕಿದಳು.

"ಕೆಂಪು ಬೇಡ!" ಎಂದು ಕಿರುಚಿದೆ. "ನಿಂತ್ರೆ ಮುಳುಗ್ತಾರೆ ಕಣೆ! ಬಿಳಿ ಏರ್ಸು, ಬಿಳಿ!"

ಅವಳು ಕೆಂಪು ಹಗ್ಗ ಬಿಟ್ಟಳು. ನಾನೇ ಹೋಗಿ ಬಿಳಿ ಬಟ್ಟೆಯನ್ನು ತುದಿಯವರೆಗೂ ಎಳೆದೆ. ಗಾಳಿಗೆ ಅದು ಪಟಪಟ ಬಡಿದುಕೊಂಡಿತು. ದೋಣಿ ಏರಿಯ ಪಕ್ಕದಲ್ಲಿ ದೊಡ್ಡ ಸುತ್ತು ಹಾಕುತ್ತಿತ್ತು. ಅಳಿಯನ ಬೆನ್ನು ನಮ್ಮ ಕಡೆಗೆ. ವಾರಿಜಳ ಮುಖ ನಮ್ಮ ಕಡೆಗೇ ಇತ್ತು. ಅವಳು ಗಳುವಿನ ದಿಕ್ಕಿಗೆ ತಲೆ ಎತ್ತಿದಂತೆ ನನಗೆ ಕಂಡಿತು. ಆಮೇಲೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ತಿರುಗಿದಳು. ದೋಣಿ ತಿರುಗಲಿಲ್ಲ.

"ನೋಡ್ಲಿಲ್ವೇನ್ರೀ ಅವಳು?" ಅಂದಳು ತಾಯಮ್ಮ.

ನಬೀಸಾಬನಿಗೆ ಹುಟ್ಟು ಹಾಕಿ ಗೊತ್ತಿಲ್ಲ. ಅವತ್ತು ಹಬ್ಬದ ಮಾರನೇ ದಿನ, ದಡದಲ್ಲಿ ಬೇರೆ ಗಂಡಾಳಿಲ್ಲ. ಎಲ್ಲಕ್ಕಿಂತ ಹಗುರದ ದೋಣಿಯನ್ನು ನೀರಿಗೆ ನೂಕಿದೆ. ಒಂದು ಕಾಲು ಒಳಗಿಟ್ಟೆ. ಇನ್ನೊಂದು ಕಾಲು ಕೆಸರಿನಿಂದ ಮೇಲೇಳಲಿಲ್ಲ. ಸುಳ್ಳಲ್ಲ, ಕಾಲು ನನ್ನದೇ ಅಲ್ಲವೇನೋ ಎಂಬಂತೆ ಅಲ್ಲೇ ನಿಂತುಬಿಟ್ಟಿತು. ತಾಯಮ್ಮ ಬಂದು ಎರಡು ಕೈಯಲ್ಲೂ ನನ್ನ ಮೀನಖಂಡ ಹಿಡಿದು ಎತ್ತಿ ದೋಣಿಯೊಳಕ್ಕೆ ಹಾಕಿದಳು. ಸಾಮಾನು ಹಾಕುವ ಹಾಗೆ.

"ನಾನಿಲ್ಲಿಂದ ಕೈಮಾಡ್ತೀನಿ. ನೀವು ನನ್ನನ್ನೇ ನೋಡ್ಕೊಂಡು ಹುಟ್ಟು ಹಾಕಿ," ಅಂದು ತಳ್ಳಿದಳು.

ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕು. ಮಗಳು ನನ್ನ ಬೆನ್ನಿನ ಹಿಂದೆ. ಕಣ್ಣಿಗೆ ಕಾಣುವುದು ದಡ, ದಡದ ಮೇಲೆ ಹಸಿರು ಸೀರೆಯ ತಾಯಮ್ಮ. ಬಿರಡೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಕಂಬ ಪಕ್ಕದಲ್ಲಿ ಜಾರಿತು. ತಾಯಮ್ಮ ಏನೋ ಹೇಳುತ್ತಿದ್ದಳು, ನಡು ಮಾತಿಗೇ ಅವಳ ದನಿ ಹೋಯಿತು. ಹುಟ್ಟಿನ ಸದ್ದು ಹೋಯಿತು. ಹನ್ನೊಂದು ವರ್ಷವಾದ ಮೇಲೆ ಮತ್ತೆ ಅದೇ ಮೌನ. ಕಿವಿಗೆ ಯಾರೋ ಹಿಟ್ಟು ಮೆತ್ತಿದ ಹಾಗೆ. ಎದೆ ಹೊಡೆದುಕೊಳ್ಳುವುದು ಪಕ್ಕೆಗೆ ತಿಳಿಯುತ್ತಿತ್ತು, ಕೇಳುತ್ತಿರಲಿಲ್ಲ.

ತಾಯಮ್ಮನ ಅಂಗೈ ಮುಂದಕ್ಕೆ ತಳ್ಳಿತು. ಹೋಗುತ್ತಿದೆ. ಮತ್ತೆ ಮುಂದಕ್ಕೆ. ಹೋಗುತ್ತಿದೆ. ಪ್ರತಿ ಸಲವೂ ನಾನು ಒಂದು ಎಳೆತ ಎಳೆದೆ. ಅಂಗೈಯ ತೊಗಲು ಸುಲಿಯಿತು. ಅಳಿಯ ಹೊಸ ಹುರುಪಿನಲ್ಲಿ ಇನ್ನೆರಡು ಸುತ್ತು ಹಾಕಲಿ, ಮೋಟರಿನ ಮೋಜು ಮುಗಿಯದೇ ಇರಲಿ ಎಂದು ಬೇಡಿಕೊಂಡೆ. ಇನ್ನೊಂದು ಭಯವೂ ಇತ್ತು. ನಾನು ನೀರಿನ ಮೇಲೆ ಬಂದದ್ದನ್ನು ಕಂಡರೆ ಅವರು ನನಗಾಗಿ ಕಾಯಲು ನಿಲ್ಲಬಹುದು. ಆದರೆ ನಾನು ದಡದಲ್ಲೇ ಕೂತರೂ ಅವರು ಯಾವಾಗಲಾದರೂ ನಿಲ್ಲುವವರೇ. ಬೇರೆ ದಾರಿ ಕಾಣಲಿಲ್ಲ.

ಸುಮಾರು ಅರ್ಧ ದೂರ ಬಂದಿರಬೇಕು. ತಾಯಮ್ಮನ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಮುಷ್ಟಿ.

ಕತ್ತು ಹೊರಳಿಸಿ ನೋಡಿದೆ. ನಿಂತಿದ್ದರು, ನಡುನೀರಿನಲ್ಲಿ. ಅಳಿಯ ಎದ್ದು ನಿಂತು ನನ್ನತ್ತ ಕೈಬೀಸುತ್ತಿದ್ದರು, ಮುಖದ ತುಂಬ ನಗು. ಮಾವ ಕೊನೆಗೂ ನೀರಿಗಿಳಿದರಲ್ಲ ಎಂಬ ಸಂತೋಷ. ನಾನು ಹುಟ್ಟು ಬಿಟ್ಟು ಎರಡು ಅಂಗೈಗಳನ್ನೂ ಮುಂದಕ್ಕೆ ತಳ್ಳಿದೆ. ಹೋಗಿ, ಹೋಗಿ! ಅವರಿಗೆ ಕೈಮಾತು ಬಾರದು. ಇನ್ನೂ ಜೋರಾಗಿ ಕೈಬೀಸಿದರು. ವಾರಿಜ ಮಾತ್ರ ಎದ್ದು ನಿಂತಳು, ನಗಲಿಲ್ಲ. ನಾನು ಮತ್ತೆ ಹುಟ್ಟು ಹಿಡಿದು ಅವರಿಗೆ ಬೆನ್ನು ಹಾಕಿದೆ. ಆ ಬೆನ್ನು ಹಾಕುವುದಿದೆಯಲ್ಲ, ಅದಕ್ಕಿಂತ ಕಷ್ಟದ ಕೆಲಸವನ್ನು ನಾನು ಮಾಡಿದ್ದಿಲ್ಲ.

ಆಮೇಲಿನದೆಲ್ಲ ತಾಯಮ್ಮನ ಕೈಯಲ್ಲೇ ಓದಿದೆ. ಮುಷ್ಟಿ. ಮುಷ್ಟಿ. ಅಂಗೈ ಕೆಳಮುಖವಾಗಿ ಒಂದಿಷ್ಟು ಇಳಿಯಿತು. ಇನ್ನಷ್ಟು ಇಳಿಯಿತು. ಆಮೇಲೆ ಅವಳು ಕೈಮಾತು ಬಿಟ್ಟು ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ಕುಸಿದು ಕೂತಳು. ನಬೀಸಾಬ್ ಅವಳ ಪಕ್ಕದಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದ. ನನಗೆ ಸುದ್ದಿ ಹೇಳುವವರು ಯಾರೂ ಉಳಿಯಲಿಲ್ಲ. ಎಷ್ಟು ಎಳೆದೆನೋ ಗೊತ್ತಿಲ್ಲ, ಕಣ್ಣಿಗೆ ಕತ್ತಲೆ ಬಂದಿತ್ತು. ಬೆನ್ನ ಹಿಂದೆ ಎರಡು ಜೀವ ಇವೆಯೋ, ಬರೀ ನೀರಿದೆಯೋ. ಕಿವಿಗೊಟ್ಟರೆ ಏನೂ ಇಲ್ಲ.

ದೋಣಿಗೆ ಏನೋ ಬಡಿದಂತಾಯಿತು. ತಿರುಗಿದೆ. ಬಿಳಿ ದೋಣಿಯ ಹಿಂಬದಿ ನೀರಿನಿಂದ ಒಂದು ಗೇಣಷ್ಟೇ ಮೇಲಿತ್ತು. ಅಳಿಯ ಹಿಂದೆಯೇ ನಿಂತು, ಒಮ್ಮೆ ನಿಂತ ಮೇಲೆ ಮತ್ತೆ ಹತ್ತದ ಮೋಟರಿನ ಹಗ್ಗವನ್ನು ಎಳೆಯುತ್ತಲೇ ಇದ್ದರು. ಅವರ ಭಾರಕ್ಕೇ ಅದು ಇನ್ನಷ್ಟು ತಗ್ಗುತ್ತಿತ್ತು. ವಾರಿಜ ಗಂಡನ ಒಂದು ಬೂಟಿನಲ್ಲಿ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಇಬ್ಬರ ಬಾಯಿಯೂ ತೆರೆದಿತ್ತು. ಕೂಗುತ್ತಿದ್ದರು.

ಮುಂದೆ ಎಳೆದುಕೋ ಎಂದು ವಾರಿಜಳಿಗೆ ಕೈಮಾಡಿದೆ. ಅವಳಿಗೆ ತಿಳಿಯಿತು. ಗಂಡನ ಅಂಗಿ ಹಿಡಿದು ಎಳೆದಳು. ಆದರೆ ಅವರ ಕಣ್ಣಿಗೆ ಕಂಡದ್ದು ನನ್ನ ದೋಣಿ ಒಂದೇ. ಎರಡು ಕೈಯಲ್ಲೂ ಅದರ ಅಂಚನ್ನು ಹಿಡಿದು ಹತ್ತಲು ಜೀಕಿದರು. ನನ್ನ ದೋಣಿ ಪಕ್ಕಕ್ಕೆ ಮಗುಚುವಂತೆ ವಾಲಿತು, ಒಂದು ಬಿಂದಿಗೆ ನೀರು ಒಳಗೆ ಬಂತು. ಅದೂ ಮಗುಚಿದರೆ ಮೂವರೂ ಹೋದಂತೆ. ಬಿಡಿ ಎಂದು ಕೈಮಾಡಿದೆ. ಬಿಡಲಿಲ್ಲ. ಬಿಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಹುಟ್ಟನ್ನು ಎತ್ತಿ ಅವರ ಬಲಗೈ ಬೆರಳುಗಳ ಮೇಲೆ ಹೊಡೆದೆ. ಮೊದಲ ಹಬ್ಬಕ್ಕೆ ಮನೆಗೆ ಬಂದ ಅಳಿಯನ ಕೈ ಮೇಲೆ. ಮೂಳೆಯ ಪೆಟ್ಟು ಹುಟ್ಟಿನ ಮರದಲ್ಲಿ ನನ್ನ ಕೈಗೆ ತಿಳಿಯಿತು. ಅವರು ನನ್ನ ಮುಖ ನೋಡಿದರು. ಆ ನೋಟ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅಷ್ಟರಲ್ಲಿ ವಾರಿಜ ಅವರ ಸೊಂಟ ಹಿಡಿದು ಹಿಂದಕ್ಕೆ ಎಳೆದು ದೋಣಿಯ ಮುಂಭಾಗಕ್ಕೆ ಬೀಳಿಸಿ, ಮೇಲೆ ತಾನೂ ಬಿದ್ದು ಒತ್ತಿ ಹಿಡಿದಳು.

ಹಿಂಬದಿ ಎರಡು ಬೆರಳು ಮೇಲೆದ್ದಿತು. ನಾನು ಹೊಟ್ಟೆಯ ಮೇಲೆ ಮಲಗಿ ಕೈಯನ್ನು ಭುಜದವರೆಗೂ ನೀರಿಗೆ ಇಳಿಸಿದೆ. ಮೋಟರಿನ ಕಾಲು ಸಿಕ್ಕಿತು. ಅದರ ಪಕ್ಕದಲ್ಲಿ ತಡವಿದೆ. ತಣ್ಣನೆಯದೊಂದು ಬಾಯಿ ನನ್ನ ಬೆರಳನ್ನು ಒಳಕ್ಕೆ ಚೀಪಿತು. ಅಲ್ಲೇ ಹೆಬ್ಬೆರಳು ತುರುಕಿ, ಇನ್ನೊಂದು ಕೈಯಿಂದ ಹಲ್ಲಿನಲ್ಲಿದ್ದ ಬಿರಡೆ ತೆಗೆದು ನೀರೊಳಕ್ಕೆ ಒಯ್ದೆ. ಕೈ ಜೋಮು ಹಿಡಿದಿತ್ತು. ಜಾರಿದರೆ ಮುಗಿಯಿತು. ಬೆರಳು ತೆಗೆದೆ, ಬಿರಡೆ ಒತ್ತಿದೆ, ತಿರುಪು ತಿರುಗಿಸಿದೆ. ಚೀಪುವುದು ನಿಂತಿತು.

ನನ್ನ ಡಬ್ಬಿಯ ಹಗ್ಗ ಬಿಚ್ಚಿ ವಾರಿಜಳ ಕಡೆ ಎಸೆದೆ. ಅವಳು ಡಬ್ಬಿಯಲ್ಲಿ, ನಾನು ನನ್ನ ದೋಣಿಯಿಂದಲೇ ಬಾಗಿ ಬೂಟಿನಲ್ಲಿ ಮೊಗೆದೆವು. ಅಳಿಯ ಬಲಗೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಎಡಗೈಯಲ್ಲಿ ಮೊಗೆದರು, ಬರೀ ಒಂದು ಅಂಗೈಯಲ್ಲಿ. ಆ ಒಂದು ಅಂಗೈಯಿಂದ ಏನಾಗಬೇಕು! ಆದರೂ ನಿಲ್ಲಿಸಲಿಲ್ಲ.

ಹಗ್ಗ ಕಟ್ಟಿ ಎಳೆದುಕೊಂಡು ಬಂದೆ. ಕಂಬ ದಾಟುತ್ತಿದ್ದಂತೆ ಸದ್ದೆಲ್ಲ ಒಮ್ಮೆಲೇ ಮೈಮೇಲೆ ಬಿತ್ತು. ತಾಯಮ್ಮನ ಗೋಳು, ನಬೀಸಾಬ್ ದೇವರನ್ನು ಕೂಗುತ್ತಿದ್ದದ್ದು, ಹುಟ್ಟಿನ ಕಿರ್ರು. ಹಿಂದಿನ ದೋಣಿಯಿಂದ ಅಳಿಯನ ದನಿ, "ಅಯ್ಯೋ ಬಿಡ್ಬೇಡ ವಾರಿಜ, ಬಿಡ್ಬೇಡ, ಬಿಡ್ಬೇಡ." ಅಷ್ಟು ಹೊತ್ತಿನಿಂದಲೂ ಅವರು ಅದನ್ನೇ ಹೇಳುತ್ತ ಬಂದಿದ್ದರು ಎಂದು ಕಾಣುತ್ತದೆ. ತಮ್ಮ ದನಿ ತಮಗೇ ಕೇಳಿದ್ದೇ ತಡ ಬಾಯಿ ಮುಚ್ಚಿದರು.

ಎರಡು ಬೆರಳು ಮುರಿದಿದ್ದವು. ಮೂಳೆ ಕಟ್ಟುವವರನ್ನು ಕರೆಸಿ ಕಟ್ಟಿಸಿದೆವು. ಮಧ್ಯಾಹ್ನ ಊಟಕ್ಕೆ ಕೂತಾಗ ವಾರಿಜ ಕಲಸಿ ತುತ್ತು ಕೊಟ್ಟಳು. ನಾನು ಎಲೆಯ ಮುಂದೆ ಕೂತಿದ್ದೆ, ಅನ್ನ ಮುಟ್ಟಲಾಗಲಿಲ್ಲ. ಅಳಿಯನೇ ಮಾತೆತ್ತಿದರು.

"ಹಲಗೆ ಎತ್ತಿ ನೋಡೋಣ ಅಂದ್ರಿ ಮಾವ. ನಾನೇ ಬೇಡ ಅಂದೆ."

"ನೀವು ಬೇಡ ಅಂದ್ರಿ ಅಂತ ನಾನು ಬಿಡಬಾರದಿತ್ತು," ಅಂದೆ. "ದೋಣಿ ನೋಡೋನು ನಾನು. ನೀವಲ್ಲ."

ಅವರು ತಲೆ ಅಲ್ಲಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ತಾಯಮ್ಮ ಬಡಿಸಲು ಬಂದವಳು ಸೌಟು ಹಿಡಿದು ಅಲ್ಲೇ ಅಳತೊಡಗಿದಳು. ಮೊಣಕೈ ಒತ್ತಿದವಳು ತಾನು ಎಂದು.

ಸಂಜೆಯ ಹೊತ್ತಿಗೆ ವಾರಿಜ ಹಿತ್ತಿಲಿಗೆ ಬಂದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನ ಪಕ್ಕ ಕೂತಳು. ಸುಲಿದ ನನ್ನ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, ಮುಖ ಎತ್ತದೆ ಹೇಳಿದಳು.

"ಬಿಳಿ ಬಟ್ಟೆ ನಾನು ನೋಡಿದೆ ಅಪ್ಪ."

ನಾನು ಅವಳತ್ತ ತಿರುಗಿದೆ.

"ಏರಿಸಿದ ತಕ್ಷಣಾನೇ ನೋಡಿದೆ. ಇವ್ರಿಗೆ ಹೇಳ್ಲಿಲ್ಲ. ಅಪ್ಪ ಯಾವಾಗ್ಲೂ ಹೀಗೇನೇ, ಇವತ್ತೊಂದು ದಿನ ಇವ್ರ ಮುಂದೆ ಬೇಡ ಅಂದ್ಕೊಂಡೆ." ಅವಳ ಬೆರಳು ನನ್ನ ಅಂಗೈಯಲ್ಲಿ ನಿಂತಿತು. "ಆಮೇಲೆ ನೀವು ದೋಣಿಯಲ್ಲಿ ಬರೋದು ಕಂಡ್ತಲ್ಲ, ಆಗ ಹೆದ್ರಿಕೆ ಆಯ್ತು. ಅಪ್ಪ ನೀರಿಗಿಳಿದ್ರು ಅಂದ್ರೆ ಅಮ್ಮಂಗೇ ಏನೋ ಆಗಿದೆ ಅಂತ. ನಿಲ್ಸಿ ನಿಲ್ಸಿ ಅಂತ ಇವ್ರ ಕೈ ಹಿಡ್ಕೊಂಡು ನಿಲ್ಸಿದ್ದೇ ನಾನು."

ಬೈಯಬೇಕೆಂದು ಬಾಯಿ ತೆರೆದೆ. ಏನೆಂದು ಬೈಯಲಿ? ಅವಳು ಏಳು ವರ್ಷದವಳಿದ್ದಾಗ, ಹತ್ತರವಳಿದ್ದಾಗ, ಮದುವೆಯ ಹಿಂದಿನ ವಾರ ಗೆಳತಿಯರ ಜೊತೆ ಹೋಗಿದ್ದಾಗ, ಎಷ್ಟು ಸಲ ಸುಮ್ಮಸುಮ್ಮನೆ ಅವಳನ್ನು ಕರೆದಿದ್ದೆನೋ ಲೆಕ್ಕವಿಲ್ಲ. ನಿಜವಾಗಿ ಕರೆಯಬೇಕಾದ ದಿನಕ್ಕೆ ನನ್ನ ಕರೆಯಲ್ಲಿ ಏನೂ ಉಳಿದಿರಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟೆ. ಎಣ್ಣೆ ಕೂದಲಿಗೆ ಮೆತ್ತಿತು.

ಇದಾಗಿ ನಾಲ್ಕು ವರ್ಷ. ಅಳಿಯ ಹಬ್ಬಕ್ಕೆ ಈಗಲೂ ಬರುತ್ತಾರೆ, ಕೈಮಾತು ಚೆನ್ನಾಗಿ ಕಲಿತಿದ್ದಾರೆ, ನೀರಿಗೆ ಮಾತ್ರ ಇಳಿಯುವುದಿಲ್ಲ. ಚಳಿಗಾಲದಲ್ಲಿ ಆ ಎರಡು ಬೆರಳು ಪೂರ್ತಿ ಮಡಚುವುದಿಲ್ಲವಂತೆ. ಯಾರಾದರೂ ಕೇಳಿದರೆ, "ಮಾವ ಹೊಡೆದ್ರು," ಎಂದು ನಗುತ್ತಾರೆ. ನಾನೂ ನಕ್ಕಂತೆ ಮಾಡುತ್ತೇನೆ.

ವಾರಿಜ ಬಂದಾಗಲೆಲ್ಲ ಒಬ್ಬಳೇ ಕೆರೆಗೆ ಹೋಗುತ್ತಾಳೆ. ದೋಣಿಯ ತಳ ನೋಡುತ್ತೇನೆ, ಸಂದಿ ಸಂದಿ ಬೆರಳಾಡಿಸುತ್ತೇನೆ, ಯಾರು ಮೊಣಕೈ ಒತ್ತಿದರೂ ಬಿಡುವುದಿಲ್ಲ. ಆಮೇಲೆ ತಳ್ಳಿ ಕಳಿಸುತ್ತೇನೆ. ಅವಳು ಸಣ್ಣದಾಗುತ್ತ ಸಣ್ಣದಾಗುತ್ತ ನಡುನೀರಿಗೆ ಹೋಗಿ ನಿಲ್ಲುತ್ತಾಳೆ. ಆಕಾಶದಲ್ಲಿ ಎಲ್ಲೋ ಒಂದು ಮೋಡ ಇದ್ದೇ ಇರುತ್ತದೆ. ನನ್ನ ಕಣ್ಣು ಬಿಳಿ ಬಟ್ಟೆಯ ಹಗ್ಗದತ್ತ ಹೋಗುತ್ತದೆ. ಅವಳು ತಾನಾಗಿ ತಿರುಗಿ ಬರುವವರೆಗೂ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತಿರುತ್ತೇನೆ.